ಕಣ್ಣಿಗೆ ಲೇಸರ್ ಆಗಿ ಹನ್ನೊಂದು ತಿಂಗಳಾಯ್ತು: ಕೋಲಾರದಿಂದ ನನ್ನ ಅನುಭವ, ನಿಮ್ಮದೂ ಹೇಳಿ

ಮಂಡಿ ಲೆಕ್ಕ, ಕೋಲಾರ (ಭಾನುವಾರ ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದೀಲಿ ಮೂರು ಜನ, ಮಂಡೀಲಿ ಇಬ್ಬರು, ಚಿಕ್ಕಮ್ಮನ ಮಗಳು, ಎಲ್ಲರೂ ಕೇಳೋದು ಒಂದೇ. ಕನ್ನಡಕ ಹೋಯ್ತಲ್ಲ, ನೋವಾಯ್ತಾ, ಎಷ್ಟಾಯ್ತು? ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳೋ ಬದಲು ಇಲ್ಲಿ ಪೂರ್ತಿ ಬರೀತೀನಿ. ನಂದು ಲಾಸಿಕ್, ಅಂದ್ರೆ ಕನ್ನಡಕದ ನಂಬರ್ ತೆಗೆಯೋ ಲೇಸರ್ ಆಪರೇಷನ್.

ನನಗೆ 27. ಐದನೇ ಕ್ಲಾಸಿಂದ ಕನ್ನಡಕ. ಬಲಗಣ್ಣು ಮೈನಸ್ 5, ಎಡಗಣ್ಣು ಮೈನಸ್ 5.5, ಜೊತೆಗೆ ಮುಕ್ಕಾಲು ಸಿಲಿಂಡರ್, ಅಂದ್ರೆ ಕಣ್ಣಿನ ಮುಂಭಾಗ ಸಮನಾಗಿ ದುಂಡಗಿಲ್ಲದ್ದಕ್ಕೆ ಬರೋ ನಂಬರ್. ಟೊಮೆಟೊ ಮಂಡೀಲಿ ಲೆಕ್ಕ ಬರೆಯೋ ಕೆಲಸ. ಸೀಸನ್ನಲ್ಲಿ ಹರಾಜು ನಡೀವಾಗ ಲಾರಿ ಧೂಳು, ಬೆವರು, ಕನ್ನಡಕ ಮೂಗಿನಿಂದ ಜಾರ್ತಾನೇ ಇರೋದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದೆ, ಆ ಧೂಳಿಗೆ ಎರಡು ಸಲ ಕಣ್ಣು ಕೆಂಪಾಯ್ತು, ಬಿಟ್ಟೆ. ಮದುವೆಗೋಸ್ಕರ ಮಾಡಿಸ್ಕೊಂಡಳು ಅಂತ ಕೆಲವರು ಅಂದ್ಕೊಂಡಿದ್ದಾರೆ, ಹಾಗಲ್ಲ. ಮಧ್ಯರಾತ್ರಿ ಎಚ್ಚರ ಆದಾಗ ಗೋಡೆ ಗಡಿಯಾರ ಕಾಣಬೇಕು ಅಂತ ಆಸೆ ಇತ್ತು, ಅಷ್ಟೆ. ದಿಂಬಿನ ಪಕ್ಕ ವರ್ಷಗಟ್ಟಲೆ ಕನ್ನಡಕ ತಡಕಾಡಿದವರಿಗೆ ಇದು ಅರ್ಥ ಆಗುತ್ತೆ.

ಬೆಂಗಳೂರಿಗೆ ಮೊದಲ ಸಲ ಹೋಗಿದ್ದು ಬರೀ ಟೆಸ್ಟಿಗೆ. ಮೂರೂವರೆ ಗಂಟೆ ಹಿಡೀತು. ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಭಾಗ, ಎಷ್ಟು ದಪ್ಪ ಇದೆ ಅಂತ ಅಳೆದ್ರು, ಅದರ ಉಬ್ಬುತಗ್ಗಿನ ನಕ್ಷೆ ತೆಗೆದ್ರು. ಕಣ್ಣೀರು ಸಾಕಷ್ಟು ಬರುತ್ತಾ ಅಂತ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದ್ರು. ಕಣ್ಣಿನ ಒತ್ತಡ ಆಯ್ತು, ಕೊನೆಗೆ ಪಾಪೆ ಹಿಗ್ಗೋ ಡ್ರಾಪ್ಸ್ ಹಾಕಿ ರೆಟಿನಾ, ಅಂದ್ರೆ ಕಣ್ಣಿನ ಹಿಂಬದಿಯ ಪರದೆ, ನೋಡಿದ್ರು. ಆ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಹತ್ತಿರದ್ದು ಓದೋಕಾಗಲ್ಲ. ಬೈಕಲ್ಲಿ ಒಬ್ಬರೇ ಹೋಗಬೇಡಿ.

ಆಪರೇಷನ್ ದಿನ ತಲೆಗೆ ಸ್ನಾನ ಮಾಡಿ ಬನ್ನಿ, ಕಾಡಿಗೆ, ಪೌಡರು, ಸೆಂಟು ಬೇಡ ಅಂದಿದ್ರು. ಇಂಜೆಕ್ಷನ್ ಇಲ್ಲ, ಮರಗಟ್ಟಿಸೋ ಡ್ರಾಪ್ಸ್ ಅಷ್ಟೆ. ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ಪು. ಮೊದಲ ಲೇಸರ್ ಕಾರ್ನಿಯಾದ ಮೇಲ್ಭಾಗದಲ್ಲಿ ತೆಳುವಾದ ಪದರ ಬಿಡಿಸುತ್ತೆ. ಆಗ ಬಳೆ ಥರದ್ದೊಂದು ಕಣ್ಣನ್ನ ಒತ್ತಿ ಹಿಡ್ಕೊಳ್ಳುತ್ತೆ. ನೋವಲ್ಲ, ಹೆಬ್ಬೆರಳಲ್ಲಿ ಒತ್ತಿದ ಹಾಗೆ. ಆ ಒತ್ತಡಕ್ಕೆ ಕೆಲವು ಸೆಕೆಂಡು ಏನೂ ಕಾಣಲ್ಲ, ಪೂರ್ತಿ ಕತ್ತಲು. ಮೊದಲೇ ಹೇಳಿದ್ರು, ಆದರೂ ಆ ಕತ್ತಲಲ್ಲಿ ಕೋಲಾರಮ್ಮನ್ನ ನೆನೆಸ್ಕೊಂಡೆ. ಆಮೇಲೆ ಡಾಕ್ಟರು ಆ ಪದರ ಮೇಲಕ್ಕೆ ಮಡಚಿ, ಇನ್ನೊಂದು ಲೇಸರ್ ಕೆಳಗೆ ಮಲಗಿಸಿ, ಚುಕ್ಕಿ ದೀಪ ನೋಡ್ತಿರಮ್ಮ ಅಂದ್ರು. ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ಒಂದು ಕಣ್ಣಿಗೆ ಅರ್ಧ ನಿಮಿಷವೂ ಆಗಿಲ್ಲ.

ಎದ್ದು ಕೂತಾಗಲೇ ಗಡಿಯಾರದ ಮುಳ್ಳು ಕಾಣ್ತು, ಹೊಗೆ ತುಂಬಿದ ಅಡುಗೆಮನೇಲಿ ನೋಡಿದ ಹಾಗೆ. ಹೊಸಕೋಟೆ ದಾಟೋ ಹೊತ್ತಿಗೆ ಉರಿ ಶುರು. ಮೆಣಸಿನಕಾಯಿ ಹೆಚ್ಚಿದ ಕೈಲಿ ಕಣ್ಣು ಮುಟ್ಕೊಂಡ ಹಾಗೆ, ನೀರು ಸುರಿದದ್ದೇ ಸುರಿದದ್ದು. ನರಸಾಪುರ ಬರೋವರೆಗೂ ಅಮ್ಮ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು, ಉಜ್ಜಿದ್ರೆ ಆ ಪದರ ಜರುಗುತ್ತೆ ಅಂತ. ಮನೇಲಿ ಐದು ಗಂಟೆ ಮಲಗಿ ಎದ್ದಾಗ ಉರಿ ಇರಲಿಲ್ಲ. ಮಾರನೇ ದಿನವೇ ಚೆಕಪ್ಪಿಗೆ ಮತ್ತೆ ಬೆಂಗಳೂರು. ಆ ರಾತ್ರಿ ಅಲ್ಲೇ ನೆಂಟರ ಮನೇಲಿ ಉಳ್ಕೊಳ್ಳೋದು ವಾಸಿ.

ಮಾರನೇ ದಿನ ಚೆಕಪ್ಪಿಗೆ ಹೊರಡೋ ಮುಂಚೆ ನಮ್ಮ ಮನೆ ಮಹಡಿ ಹತ್ತಿದೆ. ಅಂತರಗಂಗೆ ಬೆಟ್ಟದ ಬಂಡೆಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣ್ತಿದ್ವು, ಮಧ್ಯೆ ಮಧ್ಯೆ ಗಿಡ ಬೇರೆ. ಹುಟ್ಟಿದಾಗಿಂದ ಆ ಬೆಟ್ಟದ ಕೆಳಗೇ ಇದ್ದೀನಿ. ಅತ್ತುಬಿಟ್ಟೆ.

ಅಜ್ಜಿ ನಂದಿಬಟ್ಟಲು ಹೂವು ಕಿತ್ತು ತಂದು, ತಂಪು, ಕಣ್ಣ ಮೇಲೆ ಇಟ್ಕೋ ಅಂದ್ರು. ಪ್ರೀತಿಯಿಂದ ತಂದಿದ್ದು. ಆದರೆ ಡಾಕ್ಟರು ಕೊಟ್ಟ ಡ್ರಾಪ್ಸ್ ಬಿಟ್ಟು ಬೇರೇನೂ ಮುಟ್ಟಿಸಬಾರದು, ನಲ್ಲಿ ನೀರು ಕೂಡ ಒಂದು ವಾರ ಬೇಡ. ಹೂವನ್ನ ದೇವರಿಗೆ ಮುಡಿಸಿದ್ವಿ. ಖರ್ಚು ಎರಡೂ ಕಣ್ಣಿಗೆ 82,000 ಆಯ್ತು, ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲಿಲ್ಲ. ಮೊದಲ ಎರಡು ತಿಂಗಳು ರಾತ್ರಿ ಬೀದಿದೀಪದ ಸುತ್ತ ಉಂಗುರ ಕಾಣೋದು, ಈಗ ಹೆಚ್ಚುಕಮ್ಮಿ ಇಲ್ಲ.

ಜಂಕ್ಷನ್ ಹುಡುಗ, ಬಂಗಾರಪೇಟೆ (9:42)

ಅಕ್ಕ, ತುಂಬಾ ಉಪಯೋಗ ಆಯ್ತು. ನಂದು ಮೈನಸ್ 1.75 ಅಷ್ಟೆ. ರೈಲ್ವೆ ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ ಓದ್ತಾ ಇದ್ದೀನಿ. ಕನ್ನಡಕ ಇದ್ರೆ ಮೆಡಿಕಲ್‌ನಲ್ಲಿ ತೆಗೀತಾರೆ ಅಂತ ಫ್ರೆಂಡ್ಸ್ ಲೇಸರ್ ಮಾಡಿಸ್ಕೋ ಅಂತಿದ್ದಾರೆ. ಅಪ್ಪ ಚೀಟಿ ಎತ್ತಿ ದುಡ್ಡು ಕೊಡ್ತೀನಿ ಅಂದಿದ್ದಾರೆ. ಇನ್ನೊಂದು, ಸುಟ್ಟ ವಾಸನೆ ಅಂದ್ರಲ್ಲ, ಕಣ್ಣು ಸುಡ್ತಾರಾ?

ಕನ್ನಡಕದಂಗಡಿ, ಚಿಕ್ಕಬಳ್ಳಾಪುರ (10:05)

ತಮ್ಮಾ, ಮೊದಲು ಅಪ್ಪನಿಗೆ ಹೇಳು, ಚೀಟಿ ಎತ್ತೋದು ಬೇಡ. ನಾನು ಆಪ್ಟೋಮೆಟ್ರಿಸ್ಟ್, ಹತ್ತೊಂಬತ್ತು ವರ್ಷದಿಂದ ಕಣ್ಣು ಟೆಸ್ಟ್ ಮಾಡ್ತಿದ್ದೀನಿ. ಲೋಕೋ ಪೈಲಟ್ ಕೆಲಸಕ್ಕೆ ಎ-1 ಮೆಡಿಕಲ್. ಕನ್ನಡಕ ಇಲ್ಲದೆ ಎರಡೂ ಕಣ್ಣಿಗೆ 6/6, ಅಂದ್ರೆ ಪೂರ್ತಿ ದೃಷ್ಟಿ, ಇರಬೇಕು, ಮತ್ತೆ ಲಾಸಿಕ್ ಮಾಡಿಸಿದವರನ್ನ ಆ ಹುದ್ದೆಗೆ ತಗೊಳ್ಳಲ್ಲ. ಪರೀಕ್ಷೆ ಪಾಸಾಗಿ, ಮೆಡಿಕಲ್ ಬೋರ್ಡಿನಲ್ಲಿ ಗೊತ್ತಾಗಿ ವಾಪಸ್ ಬಂದ ಹುಡುಗರು ನಮ್ಮ ಅಂಗಡಿಗೆ ಬಂದು ಕೂತು ಅತ್ತಿದ್ದಾರೆ. ಲೇಸರ್ ಆದ ಕಾರ್ನಿಯಾ ನಕ್ಷೇಲಿ ನಡುಭಾಗ ಚಪ್ಪಟೆಯಾಗಿ ಕಾಣುತ್ತೆ, ಮುಚ್ಚಿಡೋಕಾಗಲ್ಲ. ರೈಲ್ವೇಲೇ ಬೇರೆ ಹುದ್ದೆಗಳಿಗೆ ಬೇರೆ ಮೆಡಿಕಲ್ ದರ್ಜೆ ಇದೆ. ನೋಟಿಫಿಕೇಶನ್‌ನಲ್ಲಿ ಕಣ್ಣಿನ ಪುಟ ಪೂರ್ತಿ ಓದಿ ಆಮೇಲೆ ಯೋಚನೆ ಮಾಡು.

ವಾಸನೆ ವಿಚಾರ. ಸುಡೋದಲ್ಲ. ಆ ಲೇಸರಿನ ಹೆಸರು ಎಕ್ಸೈಮರ್, 193 ನ್ಯಾನೋಮೀಟರ್ ನೇರಳಾತೀತ ಬೆಳಕು. ಅಂಗಾಂಶದ ಕಣಗಳ ನಡುವಿನ ಕೊಂಡಿ ಬಿಡಿಸಿ ಆವಿ ಮಾಡುತ್ತೆ, ಪಕ್ಕದ ಜಾಗಕ್ಕೆ ಕಾವು ತಟ್ಟಲ್ಲ. ಆ ಆವಿಯ ವಾಸನೆ ಅದು. ಇದು ಅಂಗಾಂಶವನ್ನ ಇಷ್ಟು ನಾಜೂಕಾಗಿ ಕೆತ್ತುತ್ತೆ ಅಂತ ಕಂಡುಕೊಂಡವರಲ್ಲಿ ಒಬ್ಬರು ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂ ಕಂಪ್ಯೂಟರ್ ಕಂಪನೀಲಿದ್ರು. 1981ರ ನವೆಂಬರಿನಲ್ಲಿ ಹಬ್ಬದೂಟಕ್ಕೆ ಮಾಡಿದ ಟರ್ಕಿ ಕೋಳಿಯ ಮಿಕ್ಕ ಮಾಂಸವನ್ನ ಲ್ಯಾಬಿಗೆ ತಂದು ಅದರ ಮೇಲೆ ಪ್ರಯೋಗ ಮಾಡಿದ್ರು. ಲೇಸರ್ ಕೊರೆದ ಅಂಚು ಕಪ್ಪಾಗಿರಲಿಲ್ಲ, ಕೂರಲಗಿನಲ್ಲಿ ಕೊಯ್ದ ಹಾಗಿತ್ತು. ನಿಮ್ಮೆಲ್ಲರ ಕಣ್ಣಿಗೆ ಇವತ್ತು ಮಾಡ್ತಿರೋದು ಅಲ್ಲಿಂದ ಬಂದಿದ್ದು.

ಜಂಕ್ಷನ್ ಹುಡುಗ, ಬಂಗಾರಪೇಟೆ (10:20)

ಸರ್, ಅಪ್ಪನಿಗೆ ಈಗಲೇ ಹೇಳಿದೆ. ತುಂಬಾ ಥ್ಯಾಂಕ್ಸ್.

ಹನುಮಂತಪುರ ಅಮ್ಮ, ತುಮಕೂರು (ಸೋಮವಾರ ಬೆಳಗ್ಗೆ 7:30)

ಕನ್ನಡಕದಂಗಡಿ ಸರ್, ನನ್ನ ಮಗಳಿಗೆ 17 ಮುಗಿದು ಮೂರು ತಿಂಗಳು. ಸೆಕೆಂಡ್ ಪಿಯುಸಿ ಆಯ್ತು. ಕಾಲೇಜು ಶುರುವಾಗೋ ಮುಂಚೆ ಮಾಡಿಸು ಅಂತ ಹಟ ಹಿಡಿದಿದ್ದಾಳೆ ಕಣ್ರೀ. ಹೋದ ವರ್ಷ ಮೈನಸ್ 3.25 ಇತ್ತು, ಈಗ 4. ಸ್ಮೈಲ್ ಅಂತ ಒಂದು ಬಂದಿದೆ, ಅದರಲ್ಲಿ ಏನೂ ತೊಂದರೆ ಇಲ್ಲ ಅಂತ ಅವಳ ಗೆಳತಿ ಹೇಳಿದ್ದಾಳಂತೆ.

ಕನ್ನಡಕದಂಗಡಿ, ಚಿಕ್ಕಬಳ್ಳಾಪುರ (8:15)

ಅಮ್ಮಾ, ಒಂದೇ ವರ್ಷದಲ್ಲಿ ಮುಕ್ಕಾಲು ಪಾಯಿಂಟ್ ಏರಿದೆ, ಅಂದ್ರೆ ಕಣ್ಣು ಇನ್ನೂ ಬೆಳೀತಿದೆ. ಈಗ 4 ತೆಗೆದ್ರೂ ಆಮೇಲೆ ಮತ್ತೆ ನಂಬರ್ ಬಂದು ಕೂರಬಹುದು. ವಯಸ್ಸು 18 ತುಂಬಿರಬೇಕು, ಅದರ ಜೊತೆ ಕನಿಷ್ಠ ಒಂದು ವರ್ಷ ನಂಬರ್ ಕದಲದೆ ನಿಂತಿರಬೇಕು. ಎರಡನೇದು ಮುಖ್ಯ.

ಸ್ಮೈಲ್‌ನಲ್ಲಿ ಪದರ ಎತ್ತಲ್ಲ. ಕಾರ್ನಿಯಾದೊಳಗೇ ಲೇಸರಿನಿಂದ ತೆಳು ಬಿಲ್ಲೆ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಹೊರಗೆ ತೆಗೀತಾರೆ. ನರದ ಎಳೆ ಕಡಿಮೆ ತುಂಡಾಗುತ್ತೆ, ಕಣ್ಣು ಒಣಗೋದು ಸ್ವಲ್ಪ ಕಡಿಮೆ. ಒಳ್ಳೇದೇ. ಆದರೆ ಏರ್ತಿರೋ ನಂಬರಿಗೆ ಯಾವ ಹೆಸರಿನ ಲೇಸರೂ ಆಗಲ್ಲ.

ನಂಗಲಿ ರೂಟ್ (12:50)

ಚೆನ್ನಾಗಾಯ್ತು ಅಂತ ಬರೆಯೋರು ಬರೀಲಿ, ನಂದೂ ಇರಲಿ. ನಾನು ಟೊಮೆಟೊ ಲೋಡ್ ಚೆನ್ನೈಗೆ ಓಡಿಸ್ತೀನಿ, ಮುಳಬಾಗಿಲು, ನಂಗಲಿ ಮೇಲೆ, ಎಲ್ಲಾ ರಾತ್ರಿ ಡ್ಯೂಟಿ. ಮೂರು ವರ್ಷದ ಹಿಂದೆ ಹಬ್ಬದ ಆಫರ್ ಅಂತ ಒಂದು ಕಡೆ ಮಾಡಿಸ್ಕೊಂಡೆ. ಬೆಳಗ್ಗೆ ಟೆಸ್ಟು, ಮಧ್ಯಾಹ್ನ ಆಪರೇಷನ್ನು. ಹಗಲು ಹದ್ದಿನ ಕಣ್ಣು. ರಾತ್ರಿ ಎದುರಿಂದ ಲಾರಿ ಬಂದ್ರೆ ಒಂದು ಹೆಡ್‌ಲೈಟು ಸೂಜಿ ಸೂಜಿಯಾಗಿ ಒಡೆದು ಹತ್ತಾಗುತ್ತೆ. ನಾನು ರಾತ್ರಿ ಡ್ರೈವರ್ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹಗಲು ಟ್ರಿಪ್ ಮಾತ್ರ ತಗೊಳ್ತೀನಿ, ಸಂಪಾದನೆ ಕಡಿಮೆಯಾಗಿದೆ.

ಕನ್ನಡಕದಂಗಡಿ, ಚಿಕ್ಕಬಳ್ಳಾಪುರ (1:30)

ಅಣ್ಣಾ, ಓದಿ ಬೇಜಾರಾಯ್ತು. ಲೇಸರ್ ಸಾಮಾನ್ಯವಾಗಿ ಆರು, ಆರೂವರೆ ಮಿಲಿಮೀಟರ್ ಅಗಲಕ್ಕೆ ಹೊಡೀತಾರೆ. ಕೆಲವರ ಪಾಪೆ ಕತ್ತಲಲ್ಲಿ ಏಳು ಮಿಲಿಮೀಟರ್ ಮೀರಿ ಹಿಗ್ಗುತ್ತೆ. ಆಗ ಲೇಸರ್ ಆದ ಭಾಗದ ಅಂಚಿನಿಂದಾಚೆಯ ಬೆಳಕೂ ಒಳಗೆ ಬಂದು ಹರಡುತ್ತೆ. ಕಾರಣ ಇದೊಂದೇ ಅಂತಲ್ಲ. ಸ್ವಲ್ಪ ನಂಬರ್ ಉಳಿದಿದ್ರೂ, ಕಣ್ಣು ಒಣಗಿದ್ರೂ ಹೀಗೇ ಕಾಣುತ್ತೆ, ಅವೆರಡಕ್ಕೂ ಪರಿಹಾರ ಇದೆ. ಮೂರು ವರ್ಷ ಆಯ್ತು ಅಂತ ಕೈಬಿಡಬೇಡಿ. ಕಾರ್ನಿಯಾ ತಜ್ಞರ ಹತ್ತಿರ ಪೂರ್ತಿ ಟೆಸ್ಟ್ ಮಾಡಿಸಿ, ಕತ್ತಲಲ್ಲಿ ಪಾಪೆ ಅಳತೆ ಮಾಡಿ ಅಂತ ಬಾಯಿಬಿಟ್ಟು ಕೇಳಿ.

ರೈಡರ್ 7, ಗುಬ್ಬಿ (4:15)

ನಂದು ಲಾಸಿಕ್ ಅಲ್ಲ, ಪಿಆರ್‌ಕೆ. ತಾಲೂಕು ಟೀಮಲ್ಲಿ ಕಬಡ್ಡಿ ಆಡ್ತೀನಿ. ಡಾಕ್ಟರಿಗೆ ಹೇಳಿದ ತಕ್ಷಣ ನಿನಗೆ ಪದರ ಬಿಡಿಸೋದು ಬೇಡಪ್ಪ ಅಂದ್ರು. ಆ ಪದರ ಕೂತ್ಕೊಂಡ್ರೂ ಮೊದಲಿನಷ್ಟು ಗಟ್ಟಿ ಬೆಸೆಯಲ್ವಂತೆ, ಯಾರದ್ದಾದ್ರೂ ಬೆರಳೋ ಮೊಣಕೈಯೋ ಬಡಿದ್ರೆ ಜರುಗಬಹುದು. ಪಿಆರ್‌ಕೆ ಅಂದ್ರೆ ಕಾರ್ನಿಯಾದ ಮೇಲಿನ ಚರ್ಮ ಒರೆಸಿ ತೆಗೆದು, ಅದರ ಮೇಲೇ ಲೇಸರ್. ಚರ್ಮ ಮತ್ತೆ ಬೆಳೆಯೋವರೆಗೆ ಬ್ಯಾಂಡೇಜ್ ಲೆನ್ಸ್ ಇರುತ್ತೆ.

ಇದರಲ್ಲಿ ನೋವಿದೆ, ಮುಚ್ಚುಮರೆ ಬೇಡ. ಎರಡನೇ ರಾತ್ರಿ ಕಣ್ಣಲ್ಲಿ ಮರಳು ಹಾಕಿ ಉಜ್ಜಿದ ಹಾಗಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿಸಿ ಮೂರು ದಿನ ಕತ್ತಲ ಕೋಣೇಲಿ ಮಲಗಿದ್ದೆ, ಅಮ್ಮ ಮುದ್ದೆ ಮುರಿದು ಬಾಯಿಗಿಟ್ರು. ನಾಲ್ಕನೇ ದಿನ ಲೆನ್ಸ್ ತೆಗೆದಾಗ ಜೀವ ಬಂತು. ಆದರೆ ಬಸ್ ಬೋರ್ಡು ಸ್ಪಷ್ಟವಾಗಿ ಓದೋಕೆ ಒಂದು ತಿಂಗಳು ಹಿಡೀತು. ಲಾಸಿಕ್ ಆದವರು ಮಾರನೇ ದಿನವೇ ಓದ್ತಾರೆ, ನನಗೇಕೆ ಹೀಗೆ ಅಂತ ಆ ತಿಂಗಳೆಲ್ಲ ಭಯ ಪಟ್ಟಿದ್ದೆ. ಪಿಆರ್‌ಕೆ ಮಾಡಿಸೋರು ಯಾರೂ ಹಾಗೆ ಹೆದರಬೇಡಿ ಅಂತಲೇ ಇದನ್ನ ಬರೆದೆ. ಈಗ ಎರಡು ಸೀಸನ್ ಆಡಿದ್ದೀನಿ.

ರೇಷ್ಮೆ ನೂಲು, ಶಿಡ್ಲಘಟ್ಟ (6:40)

ನಾವು ನೂಲು ಬಿಚ್ಚೋರು. ಗೂಡು ಬೇಯಿಸೋ ಬಾಣಲೆ ಮುಂದೆ ದಿನವಿಡೀ ಹಬೆ, ಒಲೆ ಹೊಗೆ. ಲಾಸಿಕ್ ಆಗಿ ಒಂದೂವರೆ ವರ್ಷ. ನಂಬರ್ ಸೊನ್ನೆ ಆಗಿದೆ, ಅದರಲ್ಲಿ ಮಾತಿಲ್ಲ. ಒಣಗೋದು ಮಾತ್ರ ಒಂದು ವರ್ಷ ಬಿಡಲಿಲ್ಲ. ಪದರ ಬಿಡಿಸುವಾಗ ಕಾರ್ನಿಯಾದ ನರ ತುಂಡಾಗುತ್ತೆ, ಕಣ್ಣು ಒಣಗಿದೆ ಅಂತ ಮೆದುಳಿಗೆ ಹೇಳೋದೇ ಆ ನರಗಳು, ಮತ್ತೆ ಬೆಳೆಯೋಕೆ ಆರು ತಿಂಗಳಿಂದ ಒಂದು ವರ್ಷ ಬೇಕು ಅಂತ ಆಮೇಲೆ ಡಾಕ್ಟರು ವಿವರಿಸಿದ್ರು. ನಾನು ಮಾಡಿದ ತಪ್ಪು, ಎಂಟನೇ ದಿನಕ್ಕೇ ಬಾಣಲೆ ಮುಂದೆ ಕೂತಿದ್ದು. ಕೂಲಿ ಬಿಡೋಕಾಗಲ್ಲ ಅಂತ ಕೂತೆ. ಹಬೆ ಹೊಗೆಯಲ್ಲಿ ಕೆಲಸ ಮಾಡೋ ಅಕ್ಕತಂಗಿಯರು ಕನಿಷ್ಠ ಒಂದು ತಿಂಗಳಿನ ಖರ್ಚು ಕೈಲಿಟ್ಕೊಂಡು ಆಮೇಲೆ ಹೋಗಿ. ಕಣ್ಣೀರಿನ ಡ್ರಾಪ್ಸ್ ಖರ್ಚನ್ನೂ ಸೇರಿಸ್ಕೊಳ್ಳಿ.

ಕೊಬ್ಬರಿ, ತಿಪಟೂರು (8:05)

ಚುಟುಕಾಗಿ ಹೇಳ್ತೀನಿ. ನಂದು ಮೈನಸ್ 10. ಲೇಸರಿಗೆ ಅಷ್ಟು ಕಾರ್ನಿಯಾ ಇಲ್ಲ ಅಂದ್ರು. ಕಣ್ಣೊಳಗೆ ಐಸಿಎಲ್ ಅಂತ ಲೆನ್ಸ್ ಕೂರಿಸಿದ್ರು, ನನ್ನ ಸ್ವಂತ ಲೆನ್ಸ್ ಹಾಗೇ ಇದೆ. ಇನ್ಶೂರೆನ್ಸ್ ಬಗ್ಗೆ: 7.5 ಡಯಾಪ್ಟರಿಗಿಂತ ಕಡಿಮೆ ನಂಬರಿನ ಚಿಕಿತ್ಸೆಗೆ ಹೆಲ್ತ್ ಪಾಲಿಸಿಗಳಲ್ಲಿ ದುಡ್ಡು ಕೊಡಲ್ಲ, ಮಂಡಿ ಲೆಕ್ಕ ಅಕ್ಕನಿಗೆ ಸಿಗದಿದ್ದು ಅದಕ್ಕೇ. ಅದಕ್ಕಿಂತ ಮೇಲಿದ್ರೆ ಕೇಳಿ ನೋಡಬಹುದು, ನನಗೆ ಬಹುಪಾಲು ಸಿಕ್ತು. ಇನ್ನೊಂದು ಮಾತು. ಕನ್ನಡಕ ಹೋದ್ರೂ ಹೆಚ್ಚು ಮೈನಸ್ ಇದ್ದವರ ರೆಟಿನಾ ತೆಳುವಾಗೇ ಇರುತ್ತೆ. ವರ್ಷಕ್ಕೊಂದು ಸಲ ತೋರಿಸಿ. ಮಿಂಚು ಹೊಡೆದ ಹಾಗೆ, ಮುಂದೆ ಪರದೆ ಬಿದ್ದ ಹಾಗೆ ಆದ್ರೆ ಆವತ್ತೇ ಓಡಿ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು (ಮಂಗಳವಾರ ಬೆಳಗ್ಗೆ 6:10)

ಮಕ್ಕಳೇ, ಎಲ್ಲರದ್ದೂ ಓದಿದೆ. ನನಗೂ ಲೇಸರ್ ಆಗಿದೆ, ಆದರೆ ನಿಮ್ಮದಲ್ಲ. ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ರಕ್ತ ಸೋರ್ತಿತ್ತು, ಅದಕ್ಕೆ ಮೂರು ಸಲ ಲೇಸರ್ ಹೊಡೆದರು. ಅದು ಇರುವ ದೃಷ್ಟಿ ಉಳಿಸಲಿಕ್ಕೆ, ಕನ್ನಡಕ ತೆಗೆಯಲಿಕ್ಕಲ್ಲ. ಪೊರೆ ಆಪರೇಷನ್ ಆದಮೇಲೆ ಹಿಂದಿನ ಪದರ ಮಂಜಾದರೆ ಹೊಡೆಯುವ ಯಾಗ್ ಲೇಸರ್ ಮತ್ತೊಂದು. ನಮ್ಮೂರಲ್ಲಿ ಮೂರನ್ನೂ ಲೇಸರ್ ಅಂತಲೇ ಕರೆಯುತ್ತಾರೆ. ಅವರಿಗೆ ಲೇಸರ್ ಆಗಿ ಏನೂ ಕಾಣಲಿಲ್ಲವಂತೆ ಎಂದು ಯಾರಾದರೂ ಹೆದರಿಸಿದರೆ, ಯಾವ ಲೇಸರ್ ಎಂದು ಮೊದಲು ಕೇಳಿ.

ನಮ್ಮಜ್ಜಿಗೆ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಗ ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ, ಗುಂಡುಗಾಜಿನ ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಅಜ್ಜಿ ಅಕ್ಕಿ ಆರಿಸುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ನಿಮಗೂ ಒಂದು ದಿನ ಪೊರೆ ಬರುತ್ತದೆ. ಲೇಸರ್ ಆದ ಕಣ್ಣಿಗೆ ಆಗ ಲೆನ್ಸಿನ ನಂಬರ್ ಲೆಕ್ಕ ಹಾಕುವುದು ಕಷ್ಟವೆಂದು ನನ್ನ ಡಾಕ್ಟರು ಹೇಳಿದರು. ಈಗಿನ ಕಾಗದಪತ್ರಗಳನ್ನು ಜಮೀನು ಪತ್ರದ ಜೊತೆ ಇಡಿ.

ಕನ್ನಡಕದಂಗಡಿ, ಚಿಕ್ಕಬಳ್ಳಾಪುರ (9:20)

ಮೇಷ್ಟ್ರೇ, ನೂರಕ್ಕೆ ನೂರು ನಿಜ. ನಲವತ್ತು ದಾಟಿದವರು ಕೇಳ್ತಿರ್ತಾರೆ, ಅವರಿಗೂ ಒಂದು ಮಾತು: ದೂರದ ನಂಬರ್ ತೆಗೆದ್ರೂ ಓದೋ ಕನ್ನಡಕ ಬಂದೇ ಬರುತ್ತೆ. ಅದು ಕಾರ್ನಿಯಾದ್ದಲ್ಲ, ಒಳಗಿನ ಲೆನ್ಸ್ ಬಿಗಿಯಾಗೋದ್ರಿಂದ ಬರೋದು.

ಶ್ರೀನಿವಾಸಪುರ ಮಾವು (ಮಂಗಳವಾರ ರಾತ್ರಿ 8:30)

ಇದೆಲ್ಲ ದುಡ್ಡಿನ ಆಟ ಅಲ್ವಾ? ನನ್ನ ಅಕ್ಕನ ಮಗ, 20 ವರ್ಷ, ಮೈನಸ್ 3, ಸಿಲಿಂಡರ್ 2.5. ಒಂದು ಕಡೆ ಟೆಸ್ಟ್ ಮಾಡಿ, ನಿನ್ನ ಕಣ್ಣಿಗೆ ಆಗಲ್ಲ ಅಂತ ಕಳಿಸಿದ್ರು. ಇನ್ನೊಂದು ಕಡೆ ಹೋದ್ವಿ, ಆಗುತ್ತೆ ಅಂದ್ರು. ಶನಿವಾರ ಡೇಟ್ ಕೊಟ್ಟಿದ್ದಾರೆ, 10,000 ಅಡ್ವಾನ್ಸ್ ಕಟ್ಟಿದ್ದೀವಿ. ಹುಡುಗ ಖುಷಿಯಾಗಿದ್ದಾನೆ. ಮೊದಲಿನವರಿಗೆ ಮಾಡೋಕೆ ಬರಲ್ಲ ಅಂತ ಕಾಣುತ್ತೆ.

ಮಂಡಿ ಲೆಕ್ಕ, ಕೋಲಾರ (8:52)

ಅಣ್ಣಾ, ದಯವಿಟ್ಟು ಇದನ್ನ ಓದಿ. ಮೊದಲ ದಿನ ಬರೀಬೇಕು ಅಂದ್ಕೊಂಡು ಬಿಟ್ಟಿದ್ದೆ, ಮನೆ ವಿಷಯ ಅಂತ.

ನನ್ನ ಟೆಸ್ಟಿಗೆ ತಮ್ಮ ಜೊತೆಗೆ ಬಂದಿದ್ದ. ಅವನಿಗೆ ಆಗ 21. ಅವನದ್ದೂ ಮೈನಸ್ 3 ಚಿಲ್ಲರೆ. ಹೇಗೂ ಬಂದಿದ್ದೀಯ, ನೀನೂ ಮಾಡಿಸ್ಕೋ ಅಂತ ನಾನೇ ದುಡ್ಡು ಕಟ್ಟಿದೆ. ಚಿಕ್ಕಂದಿನಿಂದ ಅವನಿಗೆ ಧೂಳಿನ ಅಲರ್ಜಿ, ಕಣ್ಣು ಉಜ್ಜೋ ಅಭ್ಯಾಸ. ನಕ್ಷೆ ಬಂದಾಗ ನನ್ನದೆಲ್ಲ ಹಸಿರು. ಅವನದರಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಕೆಂಪು ಮಚ್ಚೆ. ಡಾಕ್ಟರು ಕುರ್ಚಿ ಎಳ್ಕೊಂಡು ನಮ್ಮ ಮುಂದೆ ಕೂತು ಹೇಳಿದ್ರು: ಕೆರಟೋಕೋನಸ್, ಕಾರ್ನಿಯಾ ತೆಳುವಾಗ್ತಾ ಮುಂದಕ್ಕೆ ಗೋಪುರದ ಹಾಗೆ ಉಬ್ಬೋ ಕಾಯಿಲೆ. ಇದಕ್ಕೆ ಲಾಸಿಕ್ ಮಾಡಿದ್ರೆ ಇರೋ ಬಲವೂ ಹೋಗುತ್ತೆ, ಆಮೇಲೆ ಕನ್ನಡಕ ಹಾಕಿದ್ರೂ ಸರಿ ಕಾಣಲ್ಲ, ಕೆಲವರಿಗೆ ಕಾರ್ನಿಯಾ ಬದಲಾಯಿಸೋ ಹಂತಕ್ಕೆ ಹೋಗುತ್ತೆ.

ತಮ್ಮ ಬಸ್ಸಲ್ಲಿ ಮಾತೇ ಆಡಲಿಲ್ಲ. ನನ್ನ ಆಪರೇಷನ್ನಿಗೆ ಎರಡು ವಾರ ಮುಂಚೆ ಅವನಿಗೆ ಕ್ರಾಸ್‌ಲಿಂಕಿಂಗ್ ಆಯ್ತು. ರೈಬೋಫ್ಲೇವಿನ್ ಅಂತ ವಿಟಮಿನ್ ಬಿ2 ಹಳದಿ ಡ್ರಾಪ್ಸ್ ಹಾಕಿ, ಮೇಲಿಂದ ನೇರಳಾತೀತ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡೋದು. ನಂಬರ್ ಹೋಗಲ್ಲ, ಕಾಯಿಲೆ ಮುಂದಕ್ಕೆ ಹೋಗದ ಹಾಗೆ ತಡೆಯುತ್ತೆ. ಈಗ ನಿಂತಿದೆ. ಕನ್ನಡಕ ಹಾಕ್ಕೊಂಡೇ ಕೆಲಸಕ್ಕೆ ಹೋಗ್ತಾನೆ. ನನ್ನ ಬೆಟ್ಟ ನನಗೆ ಕಂಡಿದ್ದಕ್ಕಿಂತ ಆ ಕೆಂಪು ಮಚ್ಚೆ ಅವತ್ತು ಸಿಕ್ಕಿದ್ದೇ ನಮ್ಮ ಮನೆಗೆ ದೊಡ್ಡದು.

ನಿಮ್ಮ ಹುಡುಗ ಕಣ್ಣು ಉಜ್ಜುತ್ತಾನಾ? ಮೊದಲಿನವರು ಕೊಟ್ಟ ನಕ್ಷೆ ಇದೆಯಾ?

ಕನ್ನಡಕದಂಗಡಿ, ಚಿಕ್ಕಬಳ್ಳಾಪುರ (9:03)

ಮಾವು ಅಣ್ಣಾ, ಆಗಲ್ಲ ಅಂದವರಿಗೆ ನಿಮ್ಮಿಂದ ಏನು ದುಡ್ಡು ಬಂತು ಹೇಳಿ, ಟೆಸ್ಟ್ ಫೀಸ್ ಬಿಟ್ಟು? 20 ವರ್ಷಕ್ಕೆ ಸಿಲಿಂಡರ್ 2.5 ಅಂದ್ರೆ ನಾನಾದ್ರೂ ನಕ್ಷೆ ನೋಡದೆ ಬಿಡಲ್ಲ.

ಲೆಕ್ಕ ಹೀಗಿದೆ. ಕಾರ್ನಿಯಾ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದ್ರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಎತ್ತೋ ಪದರ ಸುಮಾರು 110. ಒಂದೊಂದು ಪಾಯಿಂಟಿಗೆ ಹದಿನಾಲ್ಕು ಹದಿನೈದು ಮೈಕ್ರಾನ್ ಕೆತ್ತಬೇಕು. ಮಂಡಿ ಲೆಕ್ಕ ಅವರ ಎಡಗಣ್ಣಿಗೆ 90ರಷ್ಟು ಹೋಗಿರುತ್ತೆ, 540 ಇದ್ದಿದ್ರೆ ಕೆಳಗೆ 340 ಉಳೀತು. 250ಕ್ಕಿಂತ ಕಡಿಮೆ ಉಳಿಸಲೇಬಾರದು, 300 ಬೇಕು ಅನ್ನೋ ಡಾಕ್ಟರೇ ಜಾಸ್ತಿ. ಆದರೆ ಕೆರಟೋಕೋನಸ್ ಇದ್ರೆ ಈ ಲೆಕ್ಕಕ್ಕೇ ಅರ್ಥ ಇಲ್ಲ, ದಪ್ಪ ಸಾಕಷ್ಟಿದ್ರೂ ಬೇಡ. ಎರಡೂ ಕಡೆಯ ರಿಪೋರ್ಟ್ ತಗೊಂಡು ಮೂರನೇ ಕಡೆ ಕಾರ್ನಿಯಾ ತಜ್ಞರಿಗೆ ತೋರಿಸೋವರೆಗೆ ಶನಿವಾರದ್ದು ಬೇಡ.

ನಂಗಲಿ ರೂಟ್ (9:15)

ಅಣ್ಣ, 10,000 ಹೋದ್ರೆ ಹೋಗಲಿ. ನನ್ನ ಮಾತು ಕೇಳಿ.

ಹನುಮಂತಪುರ ಅಮ್ಮ, ತುಮಕೂರು (ಬುಧವಾರ ಸಂಜೆ 5:45)

ಕನ್ನಡಕದಂಗಡಿ ಸರ್, ಮಗಳಿಗೆ ನಿಮ್ಮ ಉತ್ತರ ಓದಿಸಿದೆ. ಇಲ್ಲೇ ತೋರಿಸಿದ್ವಿ, ನಂಬರ್ 4.25ಕ್ಕೆ ಬಂದಿದೆ. ಅವಳೇ ಮುಂದಿನ ವರ್ಷ ನೋಡೋಣಮ್ಮ ಅಂದ್ಲು. ಹೊಸ ಫ್ರೇಮ್ ಅವಳಿಷ್ಟದ್ದೇ ಕೊಡಿಸಿದೆ. ಶ್ರೀನಿವಾಸಪುರದ ಅಣ್ಣ ಏನು ಮಾಡಿದ್ರಿ? ನಿನ್ನೆಯಿಂದ ಅದೇ ಯೋಚನೆ ನನಗೆ.

ಶ್ರೀನಿವಾಸಪುರ ಮಾವು (ಗುರುವಾರ ಬೆಳಗ್ಗೆ 7:05)

ಮೊದಲಿನವರ ಫೈಲು ಅಕ್ಕನ ಮನೆ ಬೀರುವಿನಲ್ಲಿ ಸಿಕ್ತು, ನಾವು ಬಿಚ್ಚೇ ನೋಡಿರಲಿಲ್ಲ. ನಕ್ಷೇಲಿ ಕೆಳಗಡೆ ಕೆಂಪು ಇದೆ, ಎರಡೂ ಕಣ್ಣಿಗೆ. ಶನಿವಾರದ ಡೇಟ್ ನಿನ್ನೆ ರಾತ್ರಿಯೇ ಬಿಡಿಸಿದೆ. ಅಡ್ವಾನ್ಸ್ ಅರ್ಧ ಕೊಡ್ತಾರಂತೆ. ಅವರಿಗೆ ಮಾಡೋಕೆ ಬರಲ್ಲ ಅಂತ ಬರೆದಿದ್ದೆ, ಆ ಮಾತು ವಾಪಸ್ ತಗೊಂಡಿದ್ದೀನಿ.

ಈಗ ಬಸ್ಸಲ್ಲಿದ್ದೀವಿ, ಕಾರ್ನಿಯಾ ಡಾಕ್ಟರ ಹತ್ತಿರ ಹೊರಟಿದ್ದೀವಿ. ಹುಡುಗ ಸಿಟ್ಟಲ್ಲಿದ್ದಾನೆ, ಕಿಟಕಿ ಕಡೆ ತಿರುಗಿ ಕೂತಿದ್ದಾನೆ. ಶ್ರೀನಿವಾಸಪುರ ಬಿಟ್ಟಾಗಿಂದ ನಾಲ್ಕು ಸಲ ಕಣ್ಣು ಉಜ್ಜಿದ. ಇಷ್ಟು ವರ್ಷ ಜೊತೇಲಿದ್ದೂ ಇದನ್ನ ನಾನು ಗಮನಿಸಿರಲಿಲ್ಲ. ಐದನೇ ಸಲಕ್ಕೆ ಕೈ ಹಿಡ್ಕೊಂಡೆ, ಬಿಡಿಸ್ಕೊಳ್ಳಲಿಲ್ಲ.